ಪಾಂಡಪ್ಪ ಫೋನಿನಿಂದ ನೀರು ಬಿಟ್ಟಿದ್ದು

ಹುಬ್ಬಳ್ಳಿಗೆ ಹೋಗಿ ಎರಡು ದಿನದ ತರಬೇತಿ ಮುಗಿಸಿಕೊಂಡು ಬಂದ ಮೇಲೆ ಬೆಟಗೇರಿಯ ಪಾಂಡಪ್ಪನಿಗೆ ಈ ಲೋಕದಲ್ಲಿ ಬಗೆಹರಿಯದ ಸಮಸ್ಯೆ ಎಂಬುದೇ ಇಲ್ಲವೆಂದು ಖಾತ್ರಿಯಾಯಿತು. ಅಲ್ಲಿಯವರೆಗೆ ಅವನು ನಮ್ಮ ನಿಮ್ಮ ಹಾಗೆಯೇ ಇದ್ದ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಝೆರಾಕ್ಸ್ ಅಂಗಡಿ, ಅದರಲ್ಲೊಂದು ಕಂಪ್ಯೂಟರು. ಪಹಣಿ ತೆಗೆದುಕೊಡುವುದು, ಮಕ್ಕಳ ಸ್ಕಾಲರ್‌ಶಿಪ್ಪಿನ ಅರ್ಜಿ ತುಂಬುವುದು, ಕರೆಂಟ್ ಹೋದಾಗ ಹೊರಗಿನ ಕಟ್ಟೆಯ ಮೇಲೆ ಕೂತು ಕರೆಂಟಿನವರನ್ನು ಬೈಯುವುದು. ಮನೆತನ ನೇಕಾರರದು. ಆದರೆ ಪಾಂಡಪ್ಪ ಮಗ್ಗಕ್ಕೆ ಇಳಿದರೆ ಎಳೆ ಎಳೆಯೂ ಸಿಕ್ಕಾಗುತ್ತದೆಂದು ಅವನ ಅಪ್ಪನೇ ಅವನನ್ನು ಮಗ್ಗದ ಕುಣಿಯಿಂದ ಎಬ್ಬಿಸಿ ಹೊರಗೆ ಕಳಿಸಿದ್ದ. ಈಗ ಮನೆಯ ಮಗ್ಗ ನಡೆಸುವವಳು ಅವನ ಹೆಂಡತಿ ರತ್ನವ್ವ.

ತರಬೇತಿಯ ಹೆಸರು ‘ಡಿಜಿಟಲ್ ವಿನ್ಯಾಸದಲ್ಲಿ ಕಗ್ಗಂಟು ಸಮಸ್ಯೆಗಳು’ ಎಂದು. ಪಾಂಡಪ್ಪ ಹೋದದ್ದು ಮಧ್ಯಾಹ್ನದ ಊಟ ಚೆನ್ನಾಗಿರುತ್ತದೆಂದು ಯಾರೋ ಹೇಳಿದ್ದಕ್ಕೆ. ಊಟ ಸಾಧಾರಣವಾಗಿತ್ತು, ಆದರೆ ತರಬೇತಿ ತಲೆಗೆ ಹತ್ತಿತು. ಬರುವಾಗ ಒಂದು ಸರ್ಟಿಫಿಕೇಟು, ಐದು ಬಣ್ಣದ ಅಂಟುಚೀಟಿಯ ಕಟ್ಟುಗಳು, ಮತ್ತು ಅಂಗಡಿಗೆ ಬಂದವರಿಗೆ ಅರ್ಥವಾಗದ ಒಂದಿಷ್ಟು ಮಾತು ತಂದ. ಸರ್ಟಿಫಿಕೇಟನ್ನು ತನ್ನದೇ ಮಷೀನಿನಲ್ಲಿ ಎರಡು ಸಲ ಲ್ಯಾಮಿನೇಷನ್ ಮಾಡಿದ. ಒಂದು ಸಲ ಸಾಕಾಗುತ್ತಿತ್ತು.

ಇಂಥ ಮನುಷ್ಯನಿಗೆ ಒಂದು ಸಮಸ್ಯೆ ಬೇಕಲ್ಲ. ಹುಡುಕಿಕೊಂಡು ಹೋಗುವ ಕೆಲಸವೇ ಬೀಳಲಿಲ್ಲ, ಮನೆಯಲ್ಲೇ ಇತ್ತು.

ಅವರ ಕೆಂಪಬಾವಿ ಓಣಿಗೆ ನಳದ ನೀರು ಎಂಟೊಂಬತ್ತು ದಿನಕ್ಕೊಮ್ಮೆ ಬರುತ್ತಿತ್ತು. ಬಂದರೆ ಒಂದೂವರೆ ತಾಸು. ಎಷ್ಟು ಹೊತ್ತಿಗೆ ಎಂದು ಮಾತ್ರ ಕೇಳಬೇಡಿ. ನಸುಕಿನಲ್ಲಿ ಬಂದದ್ದುಂಟು, ಮಟಮಟ ಮಧ್ಯಾಹ್ನ ಬಂದದ್ದುಂಟು. ಏಳನೆಯ ದಿನದಿಂದ ಓಣಿಯ ಹೆಂಗಸರು ಒಂದು ಕಿವಿಯನ್ನು ನಳದ ಕಡೆ ಇಟ್ಟೇ ಕೆಲಸ ಮಾಡುತ್ತಿದ್ದರು. ಎಂಟನೆಯ ದಿನ ಯಾರ ಮನೆಯ ಮದುವೆಯಿದ್ದರೂ ಸರಿ, ಮಣ್ಣಿದ್ದರೂ ಸರಿ, ಓಣಿ ಬಿಟ್ಟು ಕದಲುವ ಹಾಗಿರಲಿಲ್ಲ. ರತ್ನವ್ವ ಹಿಂದಿನ ವರ್ಷ ಲಕ್ಷ್ಮೇಶ್ವರಕ್ಕೆ ತಂಗಿಯ ಮಗಳು ವಿದ್ಯಾಶ್ರೀಯ ಮದುವೆಗೆ ಹೋದವಳು ಅಕ್ಕಿಕಾಳು ಬಿದ್ದದ್ದೇ ತಡ, ಊಟ ಬಿಟ್ಟು ಬಸ್ಸು ಹತ್ತಿ ಬಂದಿದ್ದಳು. ಆ ದಿನ ನೀರೂ ಬರಲಿಲ್ಲ. ಅದನ್ನು ನೆನೆಸಿಕೊಂಡರೆ ಅವಳಿಗೆ ಇವತ್ತಿಗೂ ಕಣ್ಣಲ್ಲಿ ನೀರು ಬರುತ್ತದೆ.

ವಿದ್ಯಾಶ್ರೀ ಹೈಸ್ಕೂಲಿನ ಮೂರು ವರ್ಷ ರತ್ನವ್ವನ ಮನೆಯಲ್ಲೇ ಇದ್ದು ಓದಿದ ಹುಡುಗಿ. ಮಕ್ಕಳಿಲ್ಲದ ಆ ಮನೆಯಲ್ಲಿ ಅವಳು ಇದ್ದ ಮೂರು ವರ್ಷ ಹೇಗೆ ಹೋದವೋ ಗಂಡ ಹೆಂಡತಿ ಇಬ್ಬರಿಗೂ ತಿಳಿದಿರಲಿಲ್ಲ. ಈಗ ಅವಳು ಬಸುರಿ. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವ ಕುಬಸದ ಕಾರ್ಯ ಬರುವ ತಿಂಗಳ ಮೂರನೇ ಗುರುವಾರ ಎಂದು ಖಬರ ಬಂತು. ಉಡಿಸುವ ಸೀರೆಯನ್ನು ರತ್ನವ್ವ ತಾನೇ ನೇಯತೊಡಗಿದಳು.

"ಸೀರಿ ಅಂತೂ ಆಗತೈತ್ರಿ," ಎಂದಳು ಒಂದು ರಾತ್ರಿಯ ಊಟದ ಹೊತ್ತಿಗೆ. "ಉಡಸಾಕ ನಾ ಇರ್ತೀನೋ ಇಲ್ಲೋ. ಅವತ್ತ ನಳ ಬರೂ ದಿನಾ ಆದ್ರ ಮುಗೀತು."

ಪಾಂಡಪ್ಪ ತಾಟು ಸರಿಸಿ ಎದ್ದು ನಿಂತ.

"ಗುರುವಾರ ನೀ ಕುಬಸಕ್ಕ ಹೋಗ್ತಿ. ಹೋಗಿ, ಕಡೀತನಕ ಕುಂತು, ಹೊಟ್ಟಿ ತುಂಬ ಉಂಡು ಬರ್ತಿ. ನಾ ಆ್ಯಪ್ ಮಾಡ್ತೀನಿ."

"ಏನ ಮಾಡ್ತೀರಿ?"

"ಆ್ಯಪ್. ನಳ ಬಂತಂದ್ರ ಎಲ್ಲಾರಿಗೂ ಫೋನಿನ್ಯಾಗ ಗೊತ್ತಾಗತೈತಿ."

"ಮೊದ್ಲ ಕೈ ತೊಳಕೋರಿ," ಎಂದಳು ರತ್ನವ್ವ. "ಸ್ವಲ್ಪ ನೀರಾಗ ತೊಳಕೋರಿ."

ಝೆರಾಕ್ಸ್ ಅಂಗಡಿಯ ಪಕ್ಕದಲ್ಲಿ ಶಾಕೀರನ ಮೊಬೈಲ್ ರಿಪೇರಿ ಅಂಗಡಿ. ಆ್ಯಪ್ ಕಟ್ಟುವುದನ್ನು ಶಾಕೀರ ಫೋನಿನಲ್ಲೇ ನೋಡಿ ನೋಡಿ ಕಲಿತಿದ್ದ. ಪಾಂಡಪ್ಪ ವಿಚಾರ ಕೊಟ್ಟ, ಶಾಕೀರ ಕೆಲಸ ಮಾಡಿದ. ದೊಡ್ಡ ಯೋಜನೆಗಳೆಲ್ಲ ಹೀಗೇ ನಡೆಯುತ್ತವೆ. ಎಂಟು ದಿನದಲ್ಲಿ ಆ್ಯಪ್ ತಯಾರಾಯಿತು. ತೆರೆದರೆ ಒಂದು ದೊಡ್ಡ ನೀಲಿ ಹನಿ. ಯಾರ ಮನೆಯ ನಳಕ್ಕೆ ಮೊದಲು ನೀರು ಬಂತೋ ಅವರು ಹನಿ ಒತ್ತುವುದು, ಒತ್ತಿದರೆ ಓಣಿಯವರ ಫೋನೆಲ್ಲ ಸಪ್ಪಳ ಮಾಡುವುದು. ಸಪ್ಪಳಕ್ಕೆಂದು ಮೊದಲು ಕುಕ್ಕರಿನ ಸೀಟಿ ಇಟ್ಟಿದ್ದರು. ರತ್ನವ್ವನ ಮೇಲೆ ಪ್ರಯೋಗ ಮಾಡಿದಾಗ ಅವಳು ಓಡಿ ಹೋಗಿ ಗ್ಯಾಸ್ ಆರಿಸಿ ಬಂದಳು. ಅದಕ್ಕೇ ಅದನ್ನು ತೆಗೆದು ತಾಮ್ರದ ಕೊಡ ಉರುಳಿದ ಸಪ್ಪಳ ಹಾಕಿದರು.

ಓಣಿಯ ಕಟ್ಟಕಡೆಯ ಮನೆ ಉಡಚವ್ವನದು. ಎಪ್ಪತ್ತೈದು ದಾಟಿದ ಒಂಟಿ ಮುದುಕಿ. ನೀರು ಎಲ್ಲರ ಮನೆ ದಾಟಿ ಕೊನೆಗೆ ಅವಳ ನಳಕ್ಕೆ ಬರಬೇಕು. ಒಂದು ಭಾನುವಾರ ಮುಂಜಾನೆ ಅವಳ ಕಟ್ಟೆಯ ಮುಂದೆ ಪಾಂಡಪ್ಪ ಓಣಿಯವರನ್ನೆಲ್ಲ ಸೇರಿಸಿ ಮಾತಾಡಿದ. ‘ಬಳಕೆದಾರ’ ಎಂಬ ಮಾತನ್ನು ಹದಿನಾಲ್ಕು ಸಲ ಹೇಳಿದ. ಆ ಬಳಕೆದಾರ ಯಾರು, ಯಾವ ಊರಿನವನು ಎಂದು ಯಾರಿಗೂ ತಿಳಿಯಲಿಲ್ಲ.

"ನೋಡ್ರಿ, ಹಿಂಗ ಒತ್ತೂದು," ಎಂದು ಹನಿಯ ಮೇಲೆ ಬೆರಳಿಟ್ಟ.

ಎಲ್ಲರ ಫೋನಿನಲ್ಲೂ ಕೊಡ ಉರುಳಿತು. ಅದೇ ಗಳಿಗೆಗೆ ಉಡಚವ್ವನ ನಳ ಒಮ್ಮೆ ಕೆಮ್ಮಿತು, ಗಾಳಿ ಉಗುಳಿತು, ಆಮೇಲೆ ಧೋ ಎಂದು ನೀರು ಬಿಟ್ಟಿತು. ಓಣಿಯವರೆಲ್ಲ ಅಲ್ಲೇ ನಿಂತಿದ್ದರಿಂದ ಯಾರ ಮನೆಯ ನೀರೆಳೆಯುವ ಮೋಟಾರೂ ನಡೆದಿರಲಿಲ್ಲ, ನೀರು ನೆಟ್ಟಗೆ ತುದಿಯವರೆಗೆ ಬಂದಿತ್ತು. ಆ ಲೆಕ್ಕ ಆಗ ಯಾರಿಗೂ ಹೊಳೆಯಲಿಲ್ಲ.

ಉಡಚವ್ವ ನಳ ನೋಡಿದಳು, ಫೋನು ನೋಡಿದಳು, ಪಾಂಡಪ್ಪನ ಬೆರಳು ನೋಡಿದಳು.

"ಪಾಂಡ್ಯಾ, ನೀ ಇಷ್ಟು ಶಾಣ್ಯಾ ಅದಿ ಅಂತ ನಿಮ್ಮಪ್ಪಗ ಗೊತ್ತಾಗಲಿಲ್ಲ ನೋಡು," ಎಂದಳು.

ಇಲ್ಲಿ ಪಾಂಡಪ್ಪ ಒಂದು ಮಾತು ಹೇಳಬಹುದಾಗಿತ್ತು. ಓಣಿಯ ಮೂಲೆಯಲ್ಲಿ ವಾಲ್ವ್ ತಿರುಗಿಸುವ ಅಂದಪ್ಪ ಆಗತಾನೆ ನೀರು ಬಿಟ್ಟಿದ್ದಾನೆ, ಇದರಲ್ಲಿ ನನ್ನದೇನೂ ಇಲ್ಲ ಎಂದಿದ್ದರೆ ಕಥೆ ಇಲ್ಲಿಗೇ ಮುಗಿದು ನಾವು ನೀವು ಬೇರೆ ಕೆಲಸ ನೋಡಿಕೊಳ್ಳಬಹುದಾಗಿತ್ತು. ಅವನು ಚಸ್ಮಾ ಸರಿಮಾಡಿಕೊಂಡು, "ಇದು ಬರೇ ಮೊದಲನೇ ಆವೃತ್ತಿ," ಎಂದ.

ಮರುದಿನದಿಂದ ಓಣಿಯ ಮೂವತ್ತು ಮನೆಯವರೂ ಹನಿ ಒತ್ತತೊಡಗಿದರು. ನೂಲಿಗೆ ಬಣ್ಣ ಹಾಕುವ ದಾದಾಪೀರನ ಹೆಂಡತಿ ಮೋತಿಬಿ ಚಹಾಕ್ಕೆ ಇಡುವ ಮುನ್ನ ಮೂರು ಸಲ, ದೀಪ ಹಚ್ಚುವ ಹೊತ್ತಿಗೆ ಮೂರು ಸಲ ಒತ್ತಿದಳು. ಒಬ್ಬರು ಒತ್ತಿದರೆ ಮೂವತ್ತು ಮನೆಯಲ್ಲಿ ಕೊಡ ಉರುಳುವುದು, ಮೂವತ್ತು ಮನೆಯವರೂ ನಳಕ್ಕೆ ಓಡುವುದು, ನೀರಿಲ್ಲದ್ದು ಕಂಡು ತಾವೂ ಒಮ್ಮೆ ಒತ್ತುವುದು. ಪಾಂಡಪ್ಪ ಮನೆ ಮನೆಗೆ ಹೋಗಿ ತಿಳಿಸಿ ಹೇಳಿದ: ಒತ್ತಿದರೆ ನೀರು ಬರುವುದಿಲ್ಲ, ನೀರು ಬಂದರೆ ಒತ್ತಬೇಕು.

"ಅವತ್ತ ನೀವು ಒತ್ತಿದಾಗ ಬಂದ್ವಲ್ರಿ ಪಾಂಡಪ್ಪಣ್ಣ?" ಎಂದಳು ಮೋತಿಬಿ. "ನಾವು ಒತ್ತಿದ್ರ ಯಾಕ ಬರೂದಿಲ್ಲ? ಬ್ಯಾರೆ ಬೆರಳು ಬೇಕೇನು?"

"ಅಲ್ಲ ಮೋತಿಬಿ, ಅದು ಅವತ್ತ ತಾನ ಬಂದಿತ್ತು."

"ತಾನ ಬರೂವಂಗಿದ್ರ ಹತ್ತು ವರ್ಷದಾಗ ನಮಗ ಬೇಕಾದಾಗ ಒಮ್ಮೆರೆ ತಾನ ಬರಬೇಕಾಗಿತ್ತು," ಎಂದು ಆಕೆ ಬಾಗಿಲು ಹಾಕಿಕೊಂಡಳು.

ಸುದ್ದಿಗೆ ಪೈಪು ಬೇಕಾಗಿಲ್ಲ. ಮೂರನೆಯ ದಿನ ಹಿಂದಿನ ಓಣಿಯವರು ಐದು ಜನ ಹಿರಿಯರನ್ನು ಮುಂದೆ ಮಾಡಿಕೊಂಡು ಝೆರಾಕ್ಸ್ ಅಂಗಡಿಗೆ ಬಂದರು. ನಿಮ್ಮ ಓಣಿಗಷ್ಟೇ ನೀರು ಬಿಟ್ಟುಕೊಂಡರೆ ಹೇಗೆ, ನಾವೇನು ನಿಮಗೆ ಆಗದವರೇ ಎಂದು ಕೇಳಿದರು. ನಾಲ್ಕನೆಯ ದಿನ ಮುಂಡರಗಿಯಿಂದ ಅಕ್ಕನ ಮಗ ಅಜಯಕುಮಾರ ಫೋನ್ ಮಾಡಿದ. ಎರಡು ವರ್ಷದಿಂದ ಅವನು ಫೋನೇ ಮಾಡಿರಲಿಲ್ಲ.

"ಮಾಮಾ, ಆರಾಮ ಅದೀರಿ? ಏನಿಲ್ಲ, ಇಲ್ಲಿ ನಮ್ಮ ಪ್ಲಾಟಿಗೂ ಒಂದ ಅರ್ಧಾ ತಾಸು ಬಿಡ್ರಿ. ನಾನೇನ ಹೆಚ್ಚು ಕೇಳೂದಿಲ್ಲ."

"ಲೇ ಅಜ್ಯಾ, ಬೆಟಗೇರ್ಯಾಗ ಕುಂತು ಮುಂಡರಗಿಗೆ ನೀರು ಹೆಂಗ ಬಿಡ್ಲಿ?"

"ಫೋನಿನ್ಯಾಗ ದೂರ ಏನು, ಹತ್ರ ಏನು ಮಾಮಾ," ಎಂದ ಅಜಯಕುಮಾರ. ತರಬೇತಿಯಲ್ಲಿ ಪಾಂಡಪ್ಪನಿಗೂ ಇದನ್ನೇ ಕಲಿಸಿದ್ದರು.

ಐದನೆಯ ದಿನ ಬಂದವನು ವಾಲ್ವಿನ ಅಂದಪ್ಪ. ಇಪ್ಪತ್ತು ವರ್ಷದಿಂದ ಎದೆಯೆತ್ತರದ ಕಬ್ಬಿಣದ ಚಾವಿಯಿಂದ ನೆಲದೊಳಗಿನ ವಾಲ್ವ್ ತಿರುಗಿಸುತ್ತ ಬಂದ ಮನುಷ್ಯ. ಓಣಿಗೆ ಕಾಲಿಟ್ಟರೆ ಹೆಂಗಸರು ಎದ್ದು ನಿಂತು ಚಹಾ ಕೇಳುತ್ತಿದ್ದರು. ಆ ವಾರ ಯಾರೂ ಕೇಳಿರಲಿಲ್ಲ. ಅವನು ಚಾವಿಯನ್ನು ತಂದು ಪಾಂಡಪ್ಪನ ಹೊಸ್ತಿಲಿಗೆ ಅಡ್ಡ ಮಲಗಿಸಿದ.

"ತೊಗೋರಿ. ನಿಮ್ಮ ಬೆರಳ ಸಾಕಾದ್ರ ಇದು ನನಗ್ಯಾಕ ಬೇಕು?"

ಅವನ ಬೆನ್ನಿಗೇ ನೀರಿನ ಆಫೀಸಿನಿಂದ ಒಬ್ಬ ಸಾಹೇಬರು ಮೋಟಾರ್ ಸೈಕಲ್ಲಿನ ಮೇಲೆ ಬಂದರು. ಯಾರ ಪರವಾನಗಿಯಿಂದ ನೀರು ಬಿಡುತ್ತಿದ್ದೀರಿ ಎಂದು ಗಟ್ಟಿಸಿ ಕೇಳಿದರು. ಪಾಂಡಪ್ಪ ಕುರ್ಚಿ ಹಾಕಿ, ನೀಲಿ ಹನಿ ತೋರಿಸಿ, ಇದು ಬರೀ ಖಬರ ಕೊಡುವ ಆ್ಯಪ್ ಎಂದು ಅರ್ಧ ತಾಸು ವಿವರಿಸಿದ. ಸಾಹೇಬರು ಎಲ್ಲ ಕೇಳಿ ತಲೆದೂಗಿದರು. ಆಮೇಲೆ ಆಚೆ ಈಚೆ ನೋಡಿ, ತಮ್ಮ ಬೆರಳಿನಿಂದ ಹನಿಯನ್ನು ಒಮ್ಮೆ ಒತ್ತಿ, ಅಂಗಳದ ನಳದ ಕಡೆ ನೋಡಿದರು. ಇನ್ನೊಮ್ಮೆ ಒತ್ತಿದರು.

"ಬರೂದಿಲ್ಲಲ್ರಿ," ಎಂದರು. ಅವರ ದನಿಯಲ್ಲಿ ಬೇಸರವಿತ್ತು.

ಎರಡನೆಯ ಆವೃತ್ತಿಯಲ್ಲಿ ಪಾಂಡಪ್ಪ ಬಿಗಿ ಮಾಡಿದ. ಇನ್ನು ಮೇಲೆ ಸುಮ್ಮನೆ ಒತ್ತುವ ಹಾಗಿಲ್ಲ; ನೀರು ಬೀಳುತ್ತಿರುವ ನಳದ ಫೋಟೋ ತೆಗೆದು ಹಾಕಿದರೇ ಸಪ್ಪಳ. ಕೊಡ ಉರುಳುವುದು ನಿಂತಿತು. ಒಂಬತ್ತನೆಯ ದಿನ ಆಫೀಸಿನವರು ಬೇರೆ ಚಾವಿ ತಂದು ನೀರು ಬಿಟ್ಟರು, ಆಗಲೂ ಉರುಳಲಿಲ್ಲ. ಎಲ್ಲರೂ ಹಿಂದಿನಂತೆ ನಳದ ಸಪ್ಪಳ ಕೇಳಿ ತಾವು ತಾವು ಹಿಡಿದುಕೊಂಡರು. ಎಲ್ಲ ಮುಗಿದ ಮೇಲೆ ದಾದಾಪೀರನ ಮನೆಯಿಂದ ಒಂದು ಫೋಟೋ ಬಂತು. ಅದರಲ್ಲಿ ನಳದ ಬಾಯಿಯಲ್ಲಿ ಒಂದೇ ಒಂದು ಹನಿ ಇತ್ತು.

ಪಾಂಡಪ್ಪ ಅಂಟುಚೀಟಿ ಹಿಡಿದುಕೊಂಡು ವಿಚಾರಣೆಗೆ ಹೋದ. ಓಣಿಯ ಮೊದಲ ಮನೆ ದಾದಾಪೀರನದು, ನೀರು ಮೊದಲು ಕಾಣುವುದು ಅವನಿಗೇ.

"ದಾದಾ, ಬಂದ ಕೂಡ್ಲೆ ಯಾಕ ಹಾಕಲಿಲ್ಲ?"

"ಹಾಕೂದ ಇತ್ತು ಪಾಂಡಪ್ಪಣ್ಣ. ಹಾಕಿದ್ರ ಮೂವತ್ತು ಮಂದಿ ಒಮ್ಮೆ ಎಳಿತಾರ. ನೂಲಿನ ಕಡಾಯಿ ತುಂಬಿಸಿಕೊಂಡು ಹಾಕೂಣು ಅಂದೆ. ಆಮ್ಯಾಲ ಡ್ರಮ್ಮು ಖಾಲಿ ಇದ್ದದ್ದು ನೆಪ್ಪಾತು. ಆಮ್ಯಾಲ ಎಮ್ಮಿ."

"ನನ್ನ ಎರಡೂ ಕೈಯಾಗ ಕೊಡ ಇರ್ತಾವು," ಎಂದಳು ಒಳಗಿನಿಂದ ಮೋತಿಬಿ. "ಫೋಟೋ ಏನ ಬಾಯಿಲೆ ತಗೀಲ್ಯಾ?"

ಕಗ್ಗಂಟು ಸಮಸ್ಯೆ ಎಂದರೆ ಒಂದು ತುದಿ ಬಿಡಿಸಿದರೆ ಇನ್ನೊಂದು ತುದಿಯಲ್ಲಿ ಗಂಟು ಬೀಳುತ್ತದೆ ಎಂದು ತರಬೇತಿಯ ಗುರುಗಳು ಹೇಳಿದ್ದರು. ಪಾಂಡಪ್ಪ ಅದನ್ನು ಬರೆದುಕೊಂಡಿದ್ದ, ಈಗ ಓದಿದ. ಮಗ್ಗದ ಮನೆಯ ಗೋಡೆಯ ತುಂಬ ಬಣ್ಣದ ಚೀಟಿ ಹಚ್ಚಿ, ಎದುರಿಗೆ ಕೈಕಟ್ಟಿ ನಿಂತ. ‘ದಾದಾಪೀರ: ಎಮ್ಮಿ’ ಎಂದು ಒಂದು ಚೀಟಿ, ‘ಮೋತಿಬಿ: ಎರಡು ಕೈ’ ಎಂದು ಇನ್ನೊಂದು. ನೂಲಿನ ಧೂಳಿಗೆ ಅಂಟು ಹೋಗಿ ಚೀಟಿಗಳು ಒಂದೊಂದಾಗಿ ಕುಣಿಯೊಳಗೆ ಬೀಳುತ್ತಿದ್ದವು. ರತ್ನವ್ವ ಲಾಳಿ ನಿಲ್ಲಿಸಿ ಅವನ್ನು ಆರಿಸಿ ಮೇಲಿಡುತ್ತಿದ್ದಳು. ಹಸಿರು ಸೀರೆ ಸೆರಗಿನವರೆಗೆ ಬಂದಿತ್ತು.

"ಎಷ್ಟು ದಿನಾ ಉಳೀತ್ರಿ?" ಎಂದು ಕೇಳಿದಳು.

"ಹದಿನಾರು. ನೀ ಚಿಂತಿ ಮಾಡಬ್ಯಾಡ, ಮೂರನೇ ಆವೃತ್ತಿ ತಪ್ಪೂದಿಲ್ಲ."

ಮೂರನೆಯದು ನಿಜಕ್ಕೂ ಚಂದದ ವಿಚಾರವಾಗಿತ್ತು. ನೀರು ಬಿಡುವವನೇ ಹನಿ ಒತ್ತಬೇಕು, ಬೇರೆ ಯಾರೂ ಅಲ್ಲ. ಪಾಂಡಪ್ಪ ಕಬ್ಬಿಣದ ಚಾವಿಯನ್ನು ಎರಡೂ ಕೈಯಲ್ಲಿ ಹೊತ್ತುಕೊಂಡು ಅಂದಪ್ಪನ ಮನೆಗೆ ಹೋಗಿ ತಪ್ಪಾಯಿತೆಂದ, ಮಿರ್ಚಿ ಗಿರಮಿಟ್ ತಿನ್ನಿಸಿದ, ಎರಡು ಚಹಾ ಕುಡಿಸಿದ. ಅಂದಪ್ಪ ಒಪ್ಪಿದ. ಅವನ ಫೋನಿನಲ್ಲಿ ಶಾಕೀರ ಹನಿಯನ್ನು ಇನ್ನಷ್ಟು ದೊಡ್ಡದು ಮಾಡಿಕೊಟ್ಟ.

ಮುಂದಿನ ಸರದಿ ಒಂದು ಮಂಗಳವಾರ ಬಂತು, ಗುರುವಾರಕ್ಕೆ ಇನ್ನೂ ಒಂಬತ್ತು ದಿನವಿತ್ತು. ಮುಂಜಾನೆ ಆರಕ್ಕೆ ಅಂದಪ್ಪ ವಾಲ್ವ್ ತಿರುಗಿಸಿ, ಬೆರಳನ್ನು ಲುಂಗಿಗೆ ಒರೆಸಿಕೊಂಡು, ಹನಿ ಒತ್ತಿದ. ಮೂವತ್ತು ಮನೆಯಲ್ಲಿ ಒಟ್ಟಿಗೆ ಕೊಡ ಉರುಳಿತು. ಸುಳ್ಳಲ್ಲ, ತಡವಿಲ್ಲ. ಪಾಂಡಪ್ಪ ಓಣಿಯ ನಡುವೆ ಬನಿಯನ್ನಿನಲ್ಲಿ ನಿಂತು ಶಾಕೀರನ ಕೈ ಕುಲುಕಿದ. ತನ್ನ ಆಯುಷ್ಯದಲ್ಲಿ ಹೊಲಿಗೆ ಬಿಚ್ಚದೆ ಮುಗಿದ ಮೊದಲನೆಯ ಕೆಲಸ ಅದು ಎಂದು ಅವನಿಗೆ ಅನಿಸಿತು.

ಆಮೇಲೆ ಮೋಟಾರುಗಳು ಶುರುವಾದವು. ಈ ಓಣಿಯಲ್ಲಿ ನಳದ ಪೈಪಿಗೇ ಮೋಟಾರು ಕೂಡಿಸಿ ಎಳೆದುಕೊಳ್ಳುವುದು ವಾಡಿಕೆ. ಮೊದಲಾದರೆ ಒಬ್ಬರು ಎದ್ದಿರುತ್ತಿದ್ದರು, ಒಬ್ಬರು ಮಲಗಿರುತ್ತಿದ್ದರು, ಮೋಟಾರು ಒಂದರ ಹಿಂದೆ ಒಂದು ನಡೆಯುತ್ತಿತ್ತು. ಈಗ ಮೂವತ್ತೂ ಒಮ್ಮೆಲೆ ಗುಂಯ್ ಎಂದವು. ಓಣಿಯ ಲೈಟು ಎರಡು ಸಲ ಮಂಕಾಗಿ ಫ್ಯೂಜ್ ಹೋಯಿತು. ಲೈನಿನವರು ಬಂದು ಕಟ್ಟುವಷ್ಟರಲ್ಲಿ ಅರ್ಧ ತಾಸು. ಕಟ್ಟಿದ ಮೇಲೆ ಮತ್ತೆ ಮೂವತ್ತೂ ಗುಂಯ್ ಎಂದವು. ಹೀಗೆ ಒಂದೂವರೆ ತಾಸು ತೀರಿತು.

ಬಿಸಿಲೇರಿದ ಮೇಲೆ ಉಡಚವ್ವ ಖಾಲಿ ಕೊಡ ಹಿಡಿದು ಬಂದು ಪಾಂಡಪ್ಪನ ಕಟ್ಟೆಯ ಮೇಲೆ ಕೂತಳು. ಅವಳ ನಳಕ್ಕೆ ಬರೀ ಗಾಳಿ ಬಂದಿತ್ತು.

"ಆಯಿ, ಒಳಗ ಬಾ," ಎಂದ ಪಾಂಡಪ್ಪ.

"ಮೊದ್ಲ ಎಲ್ಲಾರೂ ಮಲಗಿರತಿದ್ರು, ನನಗ ನಾಕು ಕೊಡ ಬರತಿದ್ವು," ಎಂದಳು ಉಡಚವ್ವ. ಸಿಟ್ಟಿನಿಂದ ಹೇಳಲಿಲ್ಲ, ಅವನಿಗೆ ಗೊತ್ತಿರಲಿಕ್ಕಿಲ್ಲ ಎಂದು ಹೇಳಿದಳು. "ನೀ ಎಲ್ಲಾರನ್ನೂ ಎಬ್ಬಿಸಿಬಿಟ್ಟಿ ನನ್ನಪ್ಪಾ."

ರತ್ನವ್ವ ತಮ್ಮ ಹಂಡೆಯಿಂದ ನಾಲ್ಕು ಕೊಡ ತುಂಬಿಸಿ ಮುದುಕಿಯ ಮನೆಗೆ ತಾನೇ ಹೊತ್ತು ಕೊಟ್ಟು ಬಂದಳು. ಪಾಂಡಪ್ಪ ಆ ದಿನ ಅಂಗಡಿ ತೆಗೆಯಲಿಲ್ಲ.

ಮುಂದಿನ ಎಂಟು ದಿನ ಅವನು ನಾಲ್ಕನೆಯ ಆವೃತ್ತಿ ಹುಡುಕಿದ. ಒಬ್ಬರಿಗಾದ ಮೇಲೆ ಒಬ್ಬರಿಗೆ ಖಬರ ಹೋಗುವಂತೆ ಮಾಡಬೇಕೆಂದ. ಯಾರಿಗೆ ಮೊದಲು ಎಂದು ಶಾಕೀರ ಕೇಳಿದ. ಪಾಂಡಪ್ಪ ಓಣಿಯವರನ್ನು ಕೇಳಿದ. ಮೂವತ್ತು ಮನೆಯವರೂ ನಮಗೇ ಮೊದಲು ಎಂದರು. ತುದಿಯ ಮನೆಯಿಂದ ಮೊದಲು ಮಾಡೋಣ ಎಂದರೆ ದಾದಾಪೀರ ತನ್ನ ಎಮ್ಮೆಯ ಮಾತೆತ್ತಿದ. ಶಾಕೀರ ಕೊನೆಗೆ, "ಕಾಕಾ, ಆ್ಯಪ್ ನಾ ಎಷ್ಟರೆ ಮಾಡ್ತೀನಿ. ಮಂದೀನ ನೀವು ಮಾಡ್ಕೊಂಡು ಬರ್ರಿ," ಎಂದು ಅಂಗಡಿ ಮುಂದಿನ ಪರದೆ ಎಳೆದುಕೊಂಡ.

ಬುಧವಾರ ಸಂಜೆಯಾಯಿತು. ಸೀರೆ ಮಗ್ಗದಿಂದ ಇಳಿದು ಮಡಿಕೆಯಾಗಿ ಹಲಗೆಯ ಮೇಲಿತ್ತು. ಪಾಂಡಪ್ಪ ಗೋಡೆಯ ಚೀಟಿಗಳ ಮುಂದೆ ನಿಂತಿದ್ದ. ಮುಖ ನೋಡಿದರೆ ಯಾರಿಗಾದರೂ ಅಯ್ಯೋ ಅನಿಸಬೇಕು.

"ರತ್ನಾ, ನನ್ನ ಕೈಲೆ ಆಗಲಿಲ್ಲ," ಎಂದ.

ರತ್ನವ್ವ ಮಗ್ಗದ ಅಂಚಿಗೆ ಕೂತಳು. "ಒಂದ ಮಾತ ಕೇಳ್ಲ್ಯಾ? ಓಣಿಗೆಲ್ಲಾ ಕೇಳಿದ್ರಿ. ದಾದಾಪೀರಗ ಕೇಳಿದ್ರಿ, ಮೋತಿಬೀಗ ಕೇಳಿದ್ರಿ, ಅಂದಪ್ಪಗ ಚಾ ಕುಡಿಸಿ ಕೇಳಿದ್ರಿ. ನನಗ ಕೇಳಿದ್ರೇನು?"

"ನಿನಗೇನ ಕೇಳೂದು? ನೀ ಮನ್ಯಾಗ ಇರ್ತಿ."

"ಅದನ್ನ ಹೇಳಾಕತ್ತೀನಿ. ನಾ ಮನ್ಯಾಗ ಇರ್ತೀನಿ."

ಪಾಂಡಪ್ಪ ಚೀಟಿಗಳನ್ನು ಬಿಟ್ಟು ಅವಳ ಕಡೆ ತಿರುಗಿದ.

"ನೀರು ಬಂದದ್ದು ಲಕ್ಷ್ಮೇಶ್ವರದಾಗ ನನಗ ಗೊತ್ತಾಗಿ ಏನಾಗಬೇಕ್ರಿ? ಅಲ್ಲಿಂದ ಕೊಡ ಹಿಡೀಲ್ಯಾ? ಗೊತ್ತಾದ್ರ ಗಂಟಲದಾಗ ತುತ್ತು ಇಳಿಯೂದಿಲ್ಲ. ಬಿಟ್ಟು ಓಡಿ ಬರ್ತೀನಿ. ನನಗ ಖಬರ ಬ್ಯಾಡ. ಒಂದ ದಿನಾ ಯಾರರೆ ನನ್ನ ಬದಲಿ ಇಲ್ಲಿ ನಿಂತ್ರ ಸಾಕು."

ಪಾಂಡಪ್ಪನಿಗೆ ಇದನ್ನು ಅರಗಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಮೂರು ಆವೃತ್ತಿ, ನೂರಾರು ಚೀಟಿ, ಎರಡು ಸಲ ಲ್ಯಾಮಿನೇಷನ್ ಆದ ಸರ್ಟಿಫಿಕೇಟು. ಇಷ್ಟೆಲ್ಲ ಇದ್ದು ಈ ಒಂದು ವಿಚಾರ ಅವನಿಗೆ ಹೊಳೆದಿರಲಿಲ್ಲ. ಹೊಳೆಯದ್ದಕ್ಕೆ ಅವನಿಗೆ ನಾಚಿಕೆಯಾಯಿತು.

"ನಾ ಇರ್ತೀನಿ," ಎಂದ.

"ಅಂಗಡಿ?"

"ಮುಚ್ಚತೀನಿ."

"ಅಲ್ಲೆ ಹೋಳಿಗಿ ಮಾಡ್ತಾರ್ರಿ."

ಇದು ಮಾತ್ರ ಕಷ್ಟದ್ದಾಗಿತ್ತು. ಪಾಂಡಪ್ಪ ಕಿಟಕಿಯ ಕಡೆ ತಿರುಗಿ, "ಹೋಗಿ ಬಾ," ಎಂದ.

ರತ್ನವ್ವ ಕುಣಿದಾಡಲಿಲ್ಲ. ಯಾವ ಪಾತ್ರೆಗೆ ಮೊದಲು, ಯಾವುದಕ್ಕೆ ಆಮೇಲೆ ಎಂದು ಹೇಳುತ್ತ ಹೋದಳು, ಅವನು ಚೀಟಿಯಲ್ಲಿ ಬರೆದು ಪಾತ್ರೆಗಳಿಗೆ ಅಂಟಿಸುತ್ತ ಹೋದ. ತಂದ ಚೀಟಿಗಳು ಮೊದಲ ಸಲ ಕೆಲಸಕ್ಕೆ ಬಂದವು.

ಗುರುವಾರ ಮುಂಜಾನೆ ಏಳೂವರೆಯ ಬಸ್ಸಿಗೆ ರತ್ನವ್ವ ಸೀರೆಯ ಗಂಟು ಎದೆಗೆ ಅವುಚಿಕೊಂಡು ಹೋದಳು. ಎಂಟಕ್ಕೆ ಮೋತಿಬಿ ಬುರ್ಖಾ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಇವತ್ತ ನೀವು ಮನ್ಯಾಗ ಇರ್ತೀರಂತಲ್ಲ, ರತ್ನವ್ವ ಹೇಳಿದ್ಲು. ಶಿರಹಟ್ಟಿಗೆ ತವರಮನಿಗೆ ಹೋಗಿ ಎಂಟ ತಿಂಗಳಾತು ಪಾಂಡಪ್ಪಣ್ಣ. ಈ ಚಾವಿ ಇಟ್ಕೋರಿ. ಎಮ್ಮಿ ಬಾನಿ ಮರೀಬ್ಯಾಡ್ರಿ."

ಬೇಡವೆನ್ನುವುದಕ್ಕೆ ಅವನು ಬಾಯಿ ತೆಗೆಯುವಷ್ಟರಲ್ಲಿ ಅವಳ ಹಿಂದೆ ಇನ್ನೊಬ್ಬಳು ನಿಂತಿದ್ದಳು. ಅವಳಿಗೆ ಕಳಸಾಪುರದಲ್ಲಿ ಕಾಲು ಮುರಿದುಕೊಂಡ ತಾಯಿಯನ್ನು ನೋಡಬೇಕಿತ್ತು. ಆಮೇಲೆ ಅಡರಕಟ್ಟಿಗೆ ಅಕ್ಕನ ಮನೆಗೆ ಹೋಗುವವಳು. ಆಮೇಲೆ ಯುಗಾದಿಯಿಂದ ಹಲ್ಲುನೋವು ತಡೆದುಕೊಂಡಿದ್ದವಳು. ಒಂಬತ್ತು ಗಂಟೆಗೆ ಪಾಂಡಪ್ಪನ ಉಡದಾರದಲ್ಲಿ ಏಳು ಮನೆಯ ಚಾವಿ ತೂಗುತ್ತಿದ್ದವು. ಉಳಿದ ಮನೆಗಳ ಹೆಂಗಸರೂ ಒಂದು ಗಳಿಗೆ ಬಾಗಿಲಲ್ಲಿ ನಿಂತು ನೋಡಿ, ತಮಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ಪೇಚಾಡಿಕೊಂಡು, ನಳ ಬಿಚ್ಚಿ ಕೆಳಗೆ ಹಂಡೆ ಇಟ್ಟು, ಹತ್ತಿರದ ಸಂತೆಗೋ ಬ್ಯಾಂಕಿಗೋ ಹೋದರು. ಗಂಡಸರು ಎಂದಿನಂತೆ ಕೆಲಸಕ್ಕೆ ಹೋಗಿದ್ದರು. ಓಣಿಯಲ್ಲಿ ಉಳಿದವರು ಉಡಚವ್ವ, ಎಮ್ಮೆ ಮತ್ತು ಪಾಂಡಪ್ಪ.

ಹನ್ನೊಂದೂವರೆಗೆ ಓಣಿಯ ಮೂಲೆಯಲ್ಲಿ ಅಂದಪ್ಪ ವಾಲ್ವ್ ತಿರುಗಿಸಿದ. ಫೋನ್ ತೆಗೆದು ಬೆರಳನ್ನು ಲುಂಗಿಗೆ ಒರೆಸಿಕೊಂಡ. ಪಾಂಡಪ್ಪ ಲುಂಗಿ ಎತ್ತಿ ಕಟ್ಟಿ ಮೂಲೆಯವರೆಗೆ ಓಡಿದ.

"ಅಂದಪ್ಪ, ಒತ್ತಬ್ಯಾಡ."

"ಯಾಕ್ರಿ? ನೀವ ಹೇಳಿದ್ರಿ."

"ಅವರೆಲ್ಲಾ ಊಟಕ್ಕ ಕುಂತಿರ್ತಾರ. ಒಂದ ದಿನಾ ಉಣ್ಲಿ."

ಅಂದಪ್ಪ ಅವನ ಉಡದಾರದ ಚಾವಿಗಳನ್ನು ನೋಡಿದ, ಫೋನು ಕಿಸೆಗೆ ಹಾಕಿಕೊಂಡು ಹೋದ.

ಆಮೇಲಿನ ಒಂದೂವರೆ ತಾಸನ್ನು ಇದ್ದದ್ದು ಇದ್ದ ಹಾಗೆ ಹೇಳುವುದು ಕಷ್ಟ. ದಾದಾಪೀರನ ಮನೆಯ ಮೋಟಾರಿನ ಗುಂಡಿಯನ್ನು ಒದ್ದೆ ಕೈಯಿಂದ ಮುಟ್ಟಿದ ಪಾಂಡಪ್ಪನಿಗೆ ಮೊಳಕೈತನಕ ಝುಮ್ ಎಂದಿತು. ಮತ್ತೆ ಯಾವ ಮನೆಯ ಮೋಟಾರನ್ನೂ ಅವನು ಮುಟ್ಟಲಿಲ್ಲ. ಎಂಟು ನಳ ಬಿಟ್ಟು, ಎಂಟು ಪೈಪು ಹಾಕಿ, ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಓಡಿದ. ಹಲ್ಲುನೋವಿನವಳ ಮನೆಯಲ್ಲಿ ಹಿಟ್ಟಿನ ಡಬ್ಬಿಗೆ ನೀರು ಬಿಟ್ಟ. ಎಮ್ಮೆಯ ಬಾನಿಯ ಬದಲು ಬಣ್ಣದ ಕಡಾಯಿ ಎಳೆದಿಟ್ಟ, ಎಮ್ಮೆ ನೀಲಿ ಮೂತಿ ಮಾಡಿಕೊಂಡು ಅವನನ್ನೇ ನೋಡಿತು. ತಪ್ಪು ಚಾವಿಯಿಂದ ಕಳಸಾಪುರಕ್ಕೆ ಹೋದವಳ ಮನೆಯ ಕೀಲಿ ತೆಗೆಯಲು ಹೋಗಿ, ಅದು ತೆರೆಯದೆ, ಕಿಟಕಿಯಿಂದ ಪೈಪು ತೂರಿಸಿದ.

ಎಲ್ಲಿಯೂ ಮೋಟಾರು ಎಳೆಯದ್ದರಿಂದ ನೀರು ಮೆಲ್ಲಗೆ, ಸರಿಸಮನಾಗಿ ಓಣಿಯ ತುದಿಯವರೆಗೆ ನಡೆದು ಹೋಯಿತು. ಉಡಚವ್ವನ ನಾಲ್ಕು ಕೊಡ ತುಂಬಿದವು, ಹಂಡೆ ತುಂಬಿತು, ಬಾನಿ ತುಂಬಿತು. ತುಂಬಿಸಲು ಇನ್ನೇನೂ ಉಳಿಯದೆ ಅವಳು ಕಟ್ಟೆಯ ಮೇಲೆ ಕೂತು ಕಾಲು ತೊಳೆದುಕೊಂಡಳು.

"ಪಾಂಡ್ಯಾ, ಒತ್ತಿದೇನೋ?" ಎಂದು ಕೂಗಿದಳು.

"ಇಲ್ಲ ಆಯಿ."

"ಒತ್ತಿರ್ತಿ. ಹೇಳವಲ್ಲಿ," ಎಂದಳು ಮುದುಕಿ.

ಆಗ ಫೋನು ಬಂತು. ಪಾಂಡಪ್ಪ ಸೊಂಟದವರೆಗೆ ಒದ್ದೆಯಾಗಿ ಮೋತಿಬಿಯ ಅಂಗಳದಲ್ಲಿದ್ದ. ಒಂದು ಕೈಯಲ್ಲಿ ಪೈಪು, ಎದುರಿಗೆ ತುಂಬಿ ಹರಿಯುವ ಡ್ರಮ್ಮು. ಕಿವಿ ಮತ್ತು ಹೆಗಲಿನ ನಡುವೆ ಫೋನು ಸಿಗಿಸಿಕೊಂಡ. ಆ ಕಡೆ ಹೆಂಗಸರ ನಗು, ತಾಟಿನ ಸಪ್ಪಳ.

"ರೀ, ಸೀರಿ ಉಡಿಸಿದ್ವಿ. ಎಷ್ಟು ಚಂದ ಕಾಣಾಕತ್ತಾಳ ಅಂದ್ರ," ಎಂದಳು ರತ್ನವ್ವ. ಆಮೇಲೆ ದನಿ ಇಳಿಸಿ, "ನಳ ಬಂತೇನ್ರಿ? ಬಂದಿದ್ರ ಹೇಳ್ರಿ, ಹನ್ನೆರಡೂವರಿಗೆ ಒಂದು ಬಸ್ ಐತಿ. ಊಟಕ್ಕ ಈಗ ಕುಂತೀವಿ, ಎದ್ದು ಬರ್ತೀನಿ."

ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂದೇ ಪಾಂಡಪ್ಪ ಐದು ವಾರ ಜೀವ ತೇಯ್ದಿದ್ದ.

"ಇಲ್ಲ, ಬಂದಿಲ್ಲ," ಎಂದ. "ನೀ ಕುಂಡ್ರು."

"ಏನೋ ನೀರಿನ ಸಪ್ಪಳ ಕೇಳಾಕತ್ತೈತಲ್ಲ?"

ಪಾಂಡಪ್ಪ ಮೇಲೆ ನೋಡಿದ. ಬೆಟಗೇರಿಯ ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ.

"ಮಳಿ," ಎಂದ.

"ಮಳಿ?"

"ಜೋರ ಐತಿ."

ಆ ಕಡೆ ರತ್ನವ್ವ ಯಾರಿಗೋ ಹೇಳುವುದು ಕೇಳಿಸಿತು: "ನನಗ ಇನ್ನೊಂದ ಹೋಳಿಗಿ ಹಾಕವ್ವ. ತುಪ್ಪಾನೂ ಹಾಕು, ನನಗೇನ ಗಡಿಬಿಡಿ ಇಲ್ಲ."

ಮತ್ತೆ ಫೋನಿಗೆ ಬಂದಳು. ದನಿ ಸ್ವಲ್ಪ ಒದ್ದೆಯಾಗಿತ್ತು.

"ಮಳಿ ನಿಂತ ಮ್ಯಾಲೆ ಕುಡಿಯೂ ನೀರಿನ ಹಂಡೇಕ ಮುಚ್ಚಳ ಹಾಕ್ರಿ," ಎಂದಳು. "ನಾ ಸಂಜೀ ಬಸ್ಸಿಗೆ ಬರ್ತೀನಿ."